ಹಲ್ಲಿಲ್ಲದ ಅತ್ತೆಗೆ ಗರಿಗರಿ ಗೆಣಸು

೧೫ ಜನವರಿ ೨೦೨೫, ಬುಧವಾರ

ಗೆಣಸು ನಮ್ಮ ಹೊಲದ್ದು. ಅಗೆದವಳು ನಾನು, ಮಣ್ಣು ತೊಳೆದವಳೂ ನಾನೇ. ಹೆಸರು ಮಾತ್ರ ವಾರಗಿತ್ತಿ ಮಧುಶ್ರೀಯ ಏರ್ ಫ್ರೈಯರಿಗೆ.

ಹಬ್ಬಕ್ಕೆ ಅಂತ ಹುಣಸೂರಿಂದ ಅದನ್ನ ಮಗು ಥರ ತಬ್ಬಿಕೊಂಡು ಬಂದಿದ್ದಾಳೆ. ನಿನ್ನೆ ಬೇಯಿಸದೆ ಮಿಕ್ಕಿದ್ದ ಗೆಣಸನ್ನ ಇವತ್ತು ಹೆಚ್ಚಿ ಅದಕ್ಕೆ ಹಾಕಿದಳು. ಮೊದಲ ಸಲ ಮೆತ್ತಗೆ ಬಂತು. ಒಳಗೊಳಗೇ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹೆಚ್ಚಿದ್ದನ್ನ ನೀರಲ್ಲಿ ನೆನೆಹಾಕಿ, ಬಟ್ಟೇಲಿ ಒರೆಸಿ, ಚೂರು ಅಕ್ಕಿಹಿಟ್ಟು ಉದುರಿಸು ಕಣೆ" ಅಂದುಬಿಟ್ಟೆ. ಎರಡನೇ ಸಲ ಹಪ್ಪಳದಂಗೆ ಗರಿಗರಿ. ಎಲ್ಲರೂ ಹೊಗಳಿದ್ದು ಮಿಷನ್ನನ್ನ.

ಅದನ್ನೂ ತಡ್ಕೋತಿದ್ದೆ. ಅತ್ತೆಗೆ ಹಲ್ಲಿಲ್ಲ. ಹನ್ನೆರಡು ವರ್ಷದಿಂದ ಸಂಕ್ರಾಂತಿಗೆ ಅವರಿಗಂತಲೇ ಗೆಣಸನ್ನ ಬೆಣ್ಣೆ ಥರ ಬೇಯಿಸ್ತೀನಿ. ಒಂದು ದಿನಾನೂ "ಚೆನ್ನಾಗದೆ" ಅಂದವರಲ್ಲ. ಇವತ್ತು ಆ ಗರಿಗರಿ ತುಂಡನ್ನ ಬಾಯಲ್ಲಿಟ್ಟು, ಮೆತ್ತಗಾಗೋವರೆಗೂ ಚೀಪಿ, "ಬೋ ಪಸಂದಾಗದೆ ಕಣವ್ವ" ಅಂದರು, ಅವಳಿಗೆ.

ನಾಳೆ ಅವಳು ಹೊರಡ್ತಾಳೆ. ಒಂದು ಚೀಲ ಗೆಣಸು ಕಟ್ಟಿಕೊಡು ಅಂದರು ಅತ್ತೆ. ಕಟ್ಟಿಟ್ಟಿದ್ದೀನಿ. ಮೇಲೆ ಒಳ್ಳೇವು. ಕೆಳಗೆ ಹುಳ ಹತ್ತಿದ್ದು. ಎದ್ದು ಹೋಗಿ ಬದಲಾಯಿಸೋಣ ಅನ್ಸುತ್ತೆ, ಆದರೆ ಇನ್ನೂ ಇದನ್ನ ಬರೀತಾನೇ ಕೂತಿದ್ದೀನಿ.