ಷೋಕೇಸಿನಲ್ಲಿ ನಿಂತ ಕಾಓರ್ ವೈನು

ಧಾರವಾಡ, ನೆಲಗೂಡು ಹನ್ನೊಂದು
30 ಫೆಬ್ರವರಿ 2187

ನೀಲಾಂಬಿಕಾ ಅಜ್ಜಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ತುಂಗಾ ಬರೆಯುವುದು.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತುಗಳಿದ್ದರೆ ಕ್ಷಮಿಸಿ. ಕ್ಷಮೆ ಅಷ್ಟಕ್ಕೇ, ಮುಂದಿನದಕ್ಕೆ ಕೇಳುವುದಿಲ್ಲ. ಹಿಂದಂಚೆ ಎಂಬ ಏರ್ಪಾಡಿನಲ್ಲಿ ನಾವು ಜೀವಮಾನಕ್ಕೊಮ್ಮೆ, ಒಂದೇ ಹಾಳೆಯನ್ನು, ಗತಿಸಿದ ಹಿರಿಯರ ಕಾಲಕ್ಕೆ ಕಳಿಸಬಹುದು. ಜನ ಅದರಲ್ಲಿ ನಮಸ್ಕಾರ ಬರೆಯುತ್ತಾರೆ. ನಾನು ನನ್ನ ಹಾಳೆಯನ್ನು ನಿಮ್ಮನ್ನು ಬಯ್ಯುವುದಕ್ಕೆ ತೆಗೆದಿಟ್ಟಿದ್ದೇನೆ.

ಈಗ ತಲೆ ಎತ್ತಿ ನಿಮ್ಮ ಷೋಕೇಸು ನೋಡಿ. ಚನ್ನಪಟ್ಟಣದ ಬೊಂಬೆಗಳಿಗೂ ಮಲ್ಲೇಶಪ್ಪಜ್ಜನ ನಿವೃತ್ತಿಯ ಫಲಕಕ್ಕೂ ನಡುವೆ, ಸಂಜೆ ಬಿಸಿಲು ಬೀಳುವ ಕಡೆ, ಒಂದು ಬಾಟಲಿ ನೆಟ್ಟಗೆ ನಿಂತಿದೆಯಲ್ಲ? ಅದು ಕಾಓರ್. ನೈಋತ್ಯ ಫ್ರಾನ್ಸಿನಲ್ಲಿ ಲಾಟ್ ನದಿಯ ದಂಡೆಯ ಕೆಂಪು ವೈನು. ಬಣ್ಣ ಗಾಢವೆಂದು ಅದನ್ನು ಕಪ್ಪು ವೈನು ಎಂದೇ ಕರೆಯುತ್ತಿದ್ದರು. ನಿಮ್ಮಲ್ಲಿ ಉಂಡು ಹೋದ ಫ್ರೆಂಚ್ ಅತಿಥಿ ಕೊಟ್ಟದ್ದು. ಜೊತೆಗೊಂದು ಚೀಟಿಯನ್ನೂ ಬರೆದಿದ್ದ: ತನ್ನದೇ ಕೊಬ್ಬಿನಲ್ಲಿ ಬೆಂದ ಬಾತುಕೋಳಿ, ಕುರಿಮರಿಯ ಮಾಂಸ, ಕಾಡಣಬೆ, ಅಕ್ರೋಟು ಇದಕ್ಕೆ ಒಪ್ಪುತ್ತವೆ, ನಿಮ್ಮ ಬದನೆಕಾಯಿ ಎಣ್ಣೆಗಾಯಿ ಕೂಡ. ವೈನಿನ ಒಗರಿಗೆ ಎಣ್ಣೆ, ಶೇಂಗಾ, ಗುರೆಳ್ಳು ಸರಿಜೋಡಿಯೆಂದು ಅವನಿಗೆ ಒಂದೇ ಊಟದಲ್ಲಿ ಹೊಳೆಯಿತು. ನಿಮಗೆ ಹೊಳೆದದ್ದು ಷೋಕೇಸು. ನೀವು ಕುಡಿಯುವವರಲ್ಲ, ಸರಿ. ಕುಡಿಯುವವರಿಗೆ ಕೊಡಬಹುದಿತ್ತಲ್ಲ? ಕೊಡಲಿಲ್ಲ, ಫಾರಿನ್ನಿನದು ನೋಡಿ, ಬೀಗರು ಬಂದಾಗ ತೋರಿಸಬೇಕು! ತಾನೂ ತಿನ್ನ, ಪರರಿಗೂ ಕೊಡ ಎಂಬ ಮಾತು ನಿಮ್ಮಂಥವರನ್ನು ಕಂಡೇ ಹುಟ್ಟಿರಬೇಕು.

ನಿಮ್ಮ ಮಕ್ಕಳು ಮೊಮ್ಮಕ್ಕಳೂ ಅದನ್ನೇ ಮಾಡಿದರು. ಮನೆ ಬದಲಾಯಿತು, ಷೋಕೇಸು ಬದಲಾಯಿತು, ಬಾಟಲಿ ನಿಂತೇ ಇತ್ತು. ನಿಲ್ಲಿಸಿಟ್ಟ ಬಾಟಲಿಯ ಬಿರಡೆ ಒಣಗಿ ಒಳಗೆ ಗಾಳಿ ಹೋಗುತ್ತದೆಂದು ಒಬ್ಬರೂ ವಿಚಾರಿಸಲಿಲ್ಲ. ಈ ನಡುವೆ ಕಾಓರ್ ಸೀಮೆಯೇ ಬಿಸಿಲಿಗೆ ಬೆಂದದ್ದರಿಂದ ಅಲ್ಲಿಯ ದ್ರಾಕ್ಷಿ ಬಳ್ಳಿಗಳನ್ನು ಕಿತ್ತು ಹಾಕಿದರು. ನೆಲಗೂಡು, ಅಂದರೆ ನೆಲದಡಿಯ ಓಣಿಮನೆಗಳನ್ನು, ಮೊದಲು ಕೊರೆದದ್ದು ನಾವಾದ್ದರಿಂದ ಅಲ್ಲಿಯ ಕೆಲವರು ಇಲ್ಲಿಗೇ ಬಂದರು. ವರ್ಷದ ಎಂಟು ತಿಂಗಳು ನಾವೆಲ್ಲ ಕೆಳಗೇ ಇರುತ್ತೇವೆ. ಬಾತುಕೋಳಿ ಎಂದರೆ ನಮಗೆ ತಟ್ಟೆಮಾಂಸ, ತಟ್ಟೆಯಲ್ಲಿ ಬೆಳೆಸಿದ ಸಪ್ಪೆ ಹಾಳೆ, ಕುರಿಯೂ ಅದೇ. ಅಕ್ರೋಟನ್ನು ಚಿತ್ರದಲ್ಲಿ ನೋಡಿದ್ದೇನೆ. ಬದನೆ ಮಾತ್ರ ದೀಪದ ಬೆಳಕಲ್ಲೂ ಹಟ ಹಿಡಿದು ಕಾಯಿ ಬಿಡುತ್ತದೆ.

ನನ್ನ ಅತ್ತೆ, ಗಂಡನ ತಾಯಿ ಓಡೀಲ್, ಆರು ವರ್ಷದವರಿದ್ದಾಗ ಹಾಗೆ ಬಂದವರು. ಕಾಓರ್ ವೈನು ಮಾಡುವುದು ಅವರ ಮನೆತನದ ಕಸುಬು. ಮಕ್ಕಳಿಗೆ ಕೊಡುತ್ತಿರಲಿಲ್ಲವಾದ್ದರಿಂದ ಅವರಿಗೆ ಅದರ ವಾಸನೆಯಷ್ಟೇ ಗೊತ್ತು. ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದ ಮೇಲೆ ಒಂದು ಗುಟುಕು ಬೇಕೆಂದರು. ನಾನು ಎಣ್ಣೆಗಾಯಿ ಮಾಡಿ, ರೊಟ್ಟಿ ಬಡಿದು, ನಿಮ್ಮ ಬಾಟಲಿ ತೆಗೆದೆ. ಬಿರಡೆ ಪುಡಿಪುಡಿಯಾಯಿತು. ಒಳಗಿದ್ದದ್ದು ಕಂದು ಬಣ್ಣದ ಹುಳಿನೀರು. ಅತ್ತೆ ಅದನ್ನೂ ಒಂದು ಗುಟುಕು ಕುಡಿದು ಮುಖ ಕಿವುಚಿ, “ಇದು ಅದಲ್ಲ ಬಿಡವಾ,” ಎಂದರು. ಸ್ವಲ್ಪ ಹೊತ್ತಿಗೆ, “ಅದರ ರುಚಿ ಹೆಂಗಿರ್ತಿತ್ತ? ನಿಮ್ಮ ಮನ್ಯಾಗ ಯಾರರೆ ಹೇಳ್ಯಾರೇನು?” ಎಂದು ಕೇಳಿದರು. ನೂರಾ ಅರವತ್ತು ವರ್ಷ ನಮ್ಮ ಮನೆಯಲ್ಲೇ ಇದ್ದ ವಸ್ತು, ನನಗೆ ಹೇಳಲು ಒಂದು ಮಾತೂ ಇರಲಿಲ್ಲ. ಮೂರನೆಯ ದಿನ ಅವರು ಹೋದರು. ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಬಾಟಲಿಯನ್ನು ಮಲಗಿಸಿ ಕಾಪಾಡಿ ಎಂದು ಬೇಡುತ್ತಿದ್ದೇನೆಂದು ತಿಳಿಯಬೇಡಿ. ಮಲಗಿಸಿದರೂ ಅದು ನಮ್ಮವರೆಗೆ ಬಾಳದು. ನೀವು ಕಾಪಾಡಿದ್ದು ಸಾಕು. ನಾಳೆಯೇ ಎಣ್ಣೆಗಾಯಿ ಮಾಡಿ ಬಾಟಲಿ ತೆಗೆಯಿರಿ. ನೀವು ಕುಡಿಯಿರಿ, ಇಲ್ಲವೇ ಕುಡಿಯುವವರನ್ನು ಊಟಕ್ಕೆ ಕರೆದು ಕೇಳಿ. ಬರೀ ಬಾಯಲ್ಲಿ ಹೇಗಿತ್ತು, ಎಣ್ಣೆಗಾಯಿ ತಿಂದ ಮೇಲೆ ಹೇಗಾಯಿತು, ಒಂದೂ ಬಿಡದೆ ಬರೆದು, ಆ ಚೀಟಿಯನ್ನು ಖಾಲಿ ಬಾಟಲಿಯೊಳಗೆ ಹಾಕಿ, ಬೇಕಾದರೆ ಅದೇ ಷೋಕೇಸಿನಲ್ಲಿ ನಿಲ್ಲಿಸಿ. ಆಗ ಆ ಹಾಸಿಗೆಯಿಂದ ಓಡೀಲ್ ಕೇಳಿದಾಗ ನಾನು ಓದಿ ಹೇಳುತ್ತೇನೆ.

ಆ ಬಾಟಲಿಯಲ್ಲಿ ಮನಿ ಪ್ಲಾಂಟ್ ನೆಟ್ಟೀರಿ, ಜೋಕೆ.

ತುಂಗಾ