ವಕೀಲರ ಮನೆಯ ಊಟ

ಅಪ್ಪಾ,

ನೀವು ತೀರಿಹೋದ ಮೇಲೂ ನಿಮಗೆ ವರದಿ ಒಪ್ಪಿಸುವ ಚಾಳಿ ನನಗೆ ಹೋಗಿಲ್ಲ. ಇವತ್ತು ಆಸ್ಟಿನ್‌ನಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಅಮೆರಿಕದ ಆರಂಭಕಾಲದ ಒಬ್ಬ ಫೆಡರಲ್ ನ್ಯಾಯಾಧೀಶನ ಮೇಲೆ ಪ್ರಬಂಧ. ಕುದುರೆಯೇರಿ ಊರೂರಿಗೆ ಹೋಗುತ್ತಿದ್ದ ಆತ ವಕೀಲರ ಮನೆಯಲ್ಲಿ ಉಂಡು ಮಲಗಿ, ಬೆಳಿಗ್ಗೆ ಅವರದೇ ಕೇಸು ಕೇಳುತ್ತಿದ್ದ. ಅದು ತಪ್ಪೆಂದು ಬರೆದಿದ್ದೆ.

"ಆಗ ಎಲ್ಲರೂ ಹಾಗೇ ಮಾಡ್ತಿದ್ರು. ಆ ಮಾತು ತೆಗೆದುಬಿಡಿ," ಎಂದರು ಪರೀಕ್ಷಕರಲ್ಲೊಬ್ಬ ಪ್ರೊಫೆಸರ್.

"ತೆಗೆಯಲ್ಲ. ನಮ್ಮಪ್ಪ ಮೈಸೂರಲ್ಲಿ ಜಡ್ಜ್ ಆಗಿದ್ರು. ವಕೀಲರ ಮನೇಲಿ ಕಾಫಿ ಕೂಡ ಕುಡೀತಿರಲಿಲ್ಲ," ಎಂದೆ.

ಮಾತು ಉಳಿಯಿತು. ಹಾಗೆಂದು ನೀವು ಗೆದ್ದಿರಿ ಅಂದುಕೊಳ್ಳಬೇಡಿ. ನನ್ನ ಮಾವ ನಿಮ್ಮ ಕೋರ್ಟಿನ ವಕೀಲರೆಂದು ಅವರ ಮನೆಯಲ್ಲಿ ನಡೆದ ನನ್ನ ಮದುವೆಯ ಬೀಗರ ಔತಣಕ್ಕೂ ನೀವು ಬರಲಿಲ್ಲ. ನನ್ನ ಪಕ್ಕದಲ್ಲಿ ನಿಮಗೆಂದು ಹಾಕಿಸಿದ್ದ ಎಲೆಯನ್ನು, ಪಂಕ್ತಿಯೆಲ್ಲ ಎದ್ದು ಹೋದರೂ, ನಾನು ಎತ್ತಗೊಡಲಿಲ್ಲ.

ಸಂಹಿತಾ