ಕೆಪ್ಲರನ ತಾಯಿ ಮತ್ತು ನನ್ನ ಜರಡಿ

ಭಟ್ಟಿ ಓಣಿ, ದಾವಣಗೆರೆ
11-4-1980

ಪ್ರೀತಿಯ ಮಗ ರಜಾಕನಿಗೆ ಅಮ್ಮ ಮಾಬೂಬೀಯ ದುವಾ.

ಹೇಗಿದ್ದೀಯಪ್ಪಾ? ಬೀದರಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತದೆ ಎಂದು ಬರೆದಿದ್ದೆ, ಈಗ ನಿಂತಿದೆಯಾ? ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿ. ಎಷ್ಟೇ ಸಿಟ್ಟಿದ್ದರೂ ತಾಯಿ ಕೇಳಬೇಕಾದದ್ದನ್ನು ಕೇಳಲೇಬೇಕಲ್ಲ, ಕೇಳಿದ್ದೇನೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಆದರೂ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವುದನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ನನ್ನ ಆರೋಗ್ಯ ನಿನ್ನ ಕಾಗದ ಬರುವವರೆಗೂ ಚೆನ್ನಾಗಿಯೇ ಇತ್ತು.

ಏನು ಬರೆದಿದ್ದೀಯೋ ಅದು? "ಅಮ್ಮಾ, ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡು. ಗೆಲಿಲಿಯೋನೇ ಮಂಡಿಯೂರಿ ತಪ್ಪಾಯಿತು ಎಂದ, ಅದಕ್ಕೆ ಭೂಮಿ ತಿರುಗುವುದು ನಿಂತಿತೇ?" ಓದಿ ಮೈಯೆಲ್ಲಾ ಉರಿಯಿತು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಮಗ ತಾಯಿಗೆ ಕಲಿಸುವ ಬುದ್ಧಿ ಇದೇ ಏನು? ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಗ್ರಹಣಕ್ಕೆ ಮೊದಲು ಕಾಗದ ಬರೆದವನು ನೀನೇ, ನೆನಪಿದೆಯಾ? ಹಿಂದೆ ಜರ್ಮನಿ ಕಡೆಯ ಕೆಪ್ಲರ್ ಎಂಬವನು ಪೇಟೆಯ ನಡುವೆ ನಿಂತು ಸಣ್ಣ ತೂತಿನಿಂದ ಸೂರ್ಯನ ಬಿಂಬ ಇಳಿಸಿ ಗ್ರಹಣ ನೋಡಿದನಂತೆ. ನಮ್ಮ ಮಂಡಕ್ಕಿಯಿಂದ ಮರಳು ಸೋಸುವ ತಗಡಿನ ಜರಡಿಯಲ್ಲೂ ಹಾಗೇ ನೋಡಬಹುದು, ಕಣ್ಣೆತ್ತುವುದೇ ಬೇಡ ಎಂದಿದ್ದೆ. ಅವತ್ತು ಮಧ್ಯಾಹ್ನ ಓಣಿಯ ಬಾಗಿಲೆಲ್ಲ ಮುಚ್ಚಿದ್ದವು. ನಾನೊಬ್ಬಳೇ ಅಂಗಳದಲ್ಲಿ ನಿಮ್ಮಪ್ಪನ ಬಿಳಿ ಪಂಚೆ ಹಾಸಿ ಜರಡಿ ಎತ್ತಿ ಹಿಡಿದೆ. ಪಂಚೆಯ ತುಂಬ ಉಗುರಿನಂಥ ಪುಟ್ಟ ಪುಟ್ಟ ಸೂರ್ಯರು! ಪಕ್ಕದ ಮನೆ ಸುಗ್ರಾಬಿಯ ಸೊಸೆ ಫಕ್ರುನ್ನೀಸಾ, ತುಂಬಿದ ಬಸುರಿ, ಹಿತ್ತಲ ಬಾಗಿಲಿನಿಂದ ಇಣುಕುತ್ತಿದ್ದಳು. "ಬಾರವ್ವಾ, ಮ್ಯಾಲೆ ನೋಡಬ್ಯಾಡ, ನೆಲ ನೋಡು" ಎಂದು ನಾನೇ ಕರೆದೆ. ಅವಳು ಬೆರಳಿನಿಂದ ಒಂದೊಂದನ್ನೇ ಮುಟ್ಟಿ, "ಅಯ್ಯ, ಇಷ್ಟೊಂದು ಈದ್ ಹಬ್ಬದ ಚಂದ್ರ ಒಂದೇ ಸಲಕ್ಕ!" ಎಂದು ನಕ್ಕಳು. ಮಲೆಬೆನ್ನೂರಿನಿಂದ ಮದುವೆಯಾಗಿ ಬಂದ ಮೇಲೆ ಆ ಹುಡುಗಿ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ವಾರ ರಜಕ್ಕೆ ಬಂದವನು ಆ ಜರಡಿಯನ್ನು ಕಾಲೇಜಿನಲ್ಲಿ ತೋರಿಸುತ್ತೇನೆಂದು ಹೊತ್ತುಕೊಂಡು ಹೋದೆ. ಅದನ್ನು ಹಿಡಿದು ನಿಂತ ನಿನ್ನ ಫೋಟೋ ಪೇಪರಿನಲ್ಲಿ ಬಂತು. ನಿಮ್ಮಪ್ಪ ಅದನ್ನು ಕತ್ತರಿಸಿ ಭಟ್ಟಿಯ ಗೋಡೆಗೆ ಅಂಟಿಸಿದರು. ಹೆಸರು ನಿನಗೆ ಬಂತು, ಅಪವಾದ ನನಗೆ ಉಳಿಯಿತು.

ಫಕ್ರುನ್ನೀಸಾಳಿಗೆ ಗಂಡು ಕೂಸಾಯಿತು, ಮೇಲ್ದುಟಿ ಸೀಳಿದೆ ಎಂದು ಬರೆದಿದ್ದೆನಲ್ಲ. ಮೊಲೆ ಕಚ್ಚಲು ಬರುವುದಿಲ್ಲ, ಚಮಚದಲ್ಲಿ ಹಾಕಿದ ಹಾಲೂ ಅರ್ಧ ಹೊರಗೇ ಹರಿಯುತ್ತದೆ. ನೋಡಲಾಗುವುದಿಲ್ಲ ಕಣೋ. ಸುಗ್ರಾಬಿ ಓಣಿಯಲ್ಲಿ ನಿಂತು, "ಈ ಮಾಬೂಬೀನೇ ಗ್ರಹಣ ಹಿಡಿಸ್ಯಾಳೆ" ಎಂದು ಕೂಗಿದಳು. ಮಕ್ತುಮ್ ಸಾಬ್, ಉಚ್ಚೆಂಗಪ್ಪ ಇಬ್ಬರೂ ಹಿರಿಯರು ಮನೆಗೆ ಬಂದು, "ನಾಕು ಜನರ ಮುಂದ ತಪ್ಪಾತು ಅಂದುಬಿಡವ್ವಾ, ಜಗಳ ಮುಗೀತೈತೆ" ಎಂದರು. ಇಪ್ಪತ್ತನೇ ತಾರೀಖು ಭಾನುವಾರ ಬೆಳಿಗ್ಗೆ ನಮ್ಮ ಭಟ್ಟಿಯ ಅಂಗಳದಲ್ಲೇ ಸೇರುತ್ತಾರಂತೆ.

ನಾನು ಹೇಳುವುದಿಲ್ಲ. ಹಟ ಎಂದುಕೊಳ್ಳಬೇಡ. ಸ್ವಲ್ಪ ಮೈ ತುಂಬಿಕೊಂಡ ಮೇಲೆ ಕರೆತನ್ನಿ, ತುಟಿ ಹೊಲಿಯಬಹುದು ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ಸುಗ್ರಾಬಿ ಏನನ್ನುತ್ತಾಳೆ ಗೊತ್ತೇ? "ಗ್ರಹಣ ಹಿಡಿದಿದ್ದಕ್ಕ ಸೂಜಿ ದಾರ ಏನು ಮಾಡ್ತೈತೆ? ಹಿಡಿಸಿದಾಕಿ ಒಪ್ಪಿಕೊಂಡ್ರ ತಾನೇ ಬಿಡ್ತೈತೆ." ನಾನು ತಪ್ಪಾಯಿತು ಎಂದ ದಿನವೇ ಆ ಕೂಸಿಗೆ ಆಸ್ಪತ್ರೆಯ ದಾರಿ ಮುಚ್ಚಿತು. ಗೆಲಿಲಿಯೋ ಮಂಡಿಯೂರಿದಾಗ ಅವನ ಕುತ್ತಿಗೆ ಮಾತ್ರ ಉಳಿಯಬೇಕಿತ್ತು. ಇಲ್ಲಿ ಹಾಲು ಕುಡಿಯಲಾಗದ ಕೂಸೊಂದಿದೆ.

ಅದಿರಲಿ, ಗೆಲಿಲಿಯೋ ನೆನಪಾದವನಿಗೆ ಕೆಪ್ಲರನ ತಾಯಿ ಯಾಕೆ ನೆನಪಾಗಲಿಲ್ಲ? ನಮ್ಮ ಅಂಗಳದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನೀನೇ ಹೇಳಿದ ಕತೆ. ಅವಳು ಕೊಟ್ಟದ್ದೇನೋ ಕುಡಿದು ಕಾಯಿಲೆ ಬಿದ್ದೆ ಎಂದು ನೆರೆಯವಳೊಬ್ಬಳು ದೂರಿದಳಂತೆ. ಮಾಟಗಾತಿ ಎಂದು ಆ ಮುದುಕಿಯನ್ನು ಸರಪಳಿಯಲ್ಲಿಟ್ಟರಂತೆ, ಹಿಂಸೆ ಕೊಡುವ ಸಾಮಾನು ತೋರಿಸಿ ಒಪ್ಪಿಕೋ ಎಂದರಂತೆ. ಮುದುಕಿ ಒಪ್ಪಲಿಲ್ಲ. ಮಗ ಗ್ರಹ ತಾರೆಗಳನ್ನೆಲ್ಲ ಬದಿಗಿಟ್ಟು ಓಡಿ ಬಂದು ತಾಯಿಯ ಪರವಾಗಿ ವಾದ ಮಾಡಿ ಬಿಡಿಸಿಕೊಂಡ. ಹೇಳುವಾಗ ನಿನ್ನ ಕಣ್ಣಲ್ಲಿ ನೀರು ಬಂದಿತ್ತು. ಸತ್ತು ಎಷ್ಟೋ ಕಾಲವಾದ ಯಾರದೋ ತಾಯಿಗೆ ಅಳುವುದು ಸುಲಭ ಮಗನೇ. ಬದುಕಿರುವ ನಿನ್ನ ತಾಯಿಗೆ ಬಂದದ್ದು ಒಂದು ಇನ್‌ಲ್ಯಾಂಡ್ ಲೆಟರು.

ಇಷ್ಟೆಲ್ಲ ಬೈದರೂ ನಿನಗೆ ಕೆಟ್ಟದ್ದಾಗಲಿ ಎಂದು ಬಾಯಲ್ಲಿ ಬರುವುದಿಲ್ಲ. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ಧೈರ್ಯವನ್ನೂ ಕೊಡಲಿ. ನಿಮ್ಮಪ್ಪ ಸಲಾಂ ಹೇಳಿದ್ದಾರೆ.

ನಿನ್ನ ಅಮ್ಮ,
ಮಾಬೂಬೀ

ತಾ.ಕ.: ಕಾಗದ ಮಡಿಸುವಾಗ ಫಕ್ರುನ್ನೀಸಾ ಹಿತ್ತಲಿನಿಂದ ಬಂದಿದ್ದಳು. ಹೆತ್ತು ನಲವತ್ತು ದಿನ ತುಂಬಿಲ್ಲ, ಹೊಸಿಲು ದಾಟಬಾರದು, ಆದರೂ ಸೆರಗಿನಲ್ಲಿ ಕೂಸು ಮುಚ್ಚಿಕೊಂಡು ಬಂದಳು. "ತಪ್ಪಾತು ಅನ್ನಬ್ಯಾಡ್ರಿ ಚಿಕ್ಕಮ್ಮಾ. ನೀವಂದ್ರ ನನ್ನ ಕೂಸಿನ ಬಾಯಿ ಹಿಂಗ ಉಳಿತೈತೆ. ನಾನೇ ನೋಡಾಕ ಬಂದಿದ್ದೆ, ನೋಡಿದ್ದು ನೆಲ ಅಂತ ಎಲ್ಲಾರ ಮುಂದ ಹೇಳ್ತೀನಿ" ಎಂದಳು. ಹೇಳಿದರೆ ಅವತ್ತೇ ಅವಳನ್ನು ಮಲೆಬೆನ್ನೂರಿನ ಬಸ್ಸು ಹತ್ತಿಸುತ್ತಾರೆ. ಗೊತ್ತಿದ್ದೂ ಹೇಳುತ್ತಾಳೆ. ಭಾನುವಾರ ನನ್ನ ಒಂದು ಪಕ್ಕದಲ್ಲಿ ಅವಳು ನಿಂತಿರುತ್ತಾಳೆ, ಇನ್ನೊಂದು ಪಕ್ಕ ಖಾಲಿ ಇದೆ. ಬರುವುದಾದರೆ ಜರಡಿ ತೆಗೆದುಕೊಂಡು ಬಾ. ಬಾರದಿದ್ದರೆ ಗೋಡೆಯ ಮೇಲಿರುವ ನಿನ್ನ ಫೋಟೋ ಕಿತ್ತು ನಾನೇ ಭಟ್ಟಿಗೆ ಹಾಕುತ್ತೇನೆ.